ರಾಬರ್ಟ್ ಸಿವೆಲ್ ಸಾಹೇಬರೂ ರಾಯಚೂರಿನ ಕದನವೂ

ಬಳ್ಳಾರಿಯಿಂದ ಕುರುಗೋಡಿನ ಮಾರ್ಗವಾಗಿ ಕಂಪ್ಲಿಯ ಕಡೆಗೆ ಹೊರಟ ಪಥಿಕನು ಇತಿಹಾಸದ ಗ್ರಂಥವನ್ನು ಕೈಯಲ್ಲಿ ಹಿಡಿಯಬೇಕಾದ ಅವಶ್ಯವಿಲ್ಲ. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಬೆಟ್ಟದ ಕೋಟೆಯೂ, ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಭಾರಿ ನಂದಿಯೂ ತಾವಾಗಿಯೇ ಆತನೊಡನೆ ಮಾತನಾಡುವುವು. ಉತ್ತರಕ್ಕೆ ಸಿರುಗುಪ್ಪದ ಕಡೆಗೆ ತಿರುಗಿದರೆ, ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಯ ನೀರು ಗದ್ದೆಗಳಿಗೆ ಹರಿಯುವುದನ್ನು ಕಾಣಬಹುದು. ನದಿಯ ಆಚೆಯ ದಡವೇ ರಾಯಚೂರಿನ ದೋಆಬ. ಎರಡು ಶತಮಾನಗಳಿಗಿಂತಲೂ ಹೆಚ್ಚು ಕಾಲ ಹಂಪೆಯ ಅರಸರೂ ದಖ್ಖನಿನ ಸುಲ್ತಾನರೂ ಯಾವ ನೆಲಕ್ಕಾಗಿ ಬಡಿದಾಡಿದರೋ ಆ ನೆಲ. ಇಂತಹ ಸೀಮೆಯ ಜನರು ತಮ್ಮ ರಾಜ್ಯವನ್ನು ಮರೆತಿದ್ದರೆಂದು ಹೇಳುವುದು ಸಾಹಸದ ಮಾತು. ಆದರೂ ೧೯೦೦ರಲ್ಲಿ ಲಂಡನ್ನಿನಿಂದ ಹೊರಬಿದ್ದ ಒಂದು ಗ್ರಂಥಕ್ಕೆ ಅದರ ಕರ್ತೃವು ಮರೆತುಹೋದ ಸಾಮ್ರಾಜ್ಯವೆಂಬ ಹೆಸರನ್ನೇ ಇಟ್ಟನು. ಆ ಕರ್ತೃವು ಇದೇ ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ರಾಬರ್ಟ್ ಸಿವೆಲ್.

ಪರರಾಜ್ಯದ ಅಧಿಕಾರಿಯೊಬ್ಬನ ಚರಿತ್ರೆಯನ್ನು ನಮ್ಮ ಅಂಕಣದಲ್ಲಿ ಕಂಡು ಕೆಲವು ವಾಚಕರು ಹುಬ್ಬೇರಿಸಬಹುದು. ಕಂದಾಯದ ಕಡತಗಳಿಗೆ ರುಜು ಹಾಕಿದ ಕಲೆಕ್ಟರನ ಬಗ್ಗೆ ನಮಗೆ ವಿಶೇಷ ಆದರವಿಲ್ಲ. ಆದರೆ ಸೋತವನ ಆಸ್ಥಾನದಲ್ಲಿ ಬರೆದ ಯುದ್ಧವರ್ಣನೆಯೇ ಮೂರು ಶತಮಾನಗಳವರೆಗೆ ಪ್ರಮಾಣವಾಗಿ ನಡೆದುಬಂದಿದ್ದಾಗ, ಅದನ್ನು ಚಂದ್ರನ ಗತಿಯಿಂದಲೂ ಹಡಗುಗಳ ಸಂಚಾರದಿಂದಲೂ ಪರೀಕ್ಷಿಸಿದ ವಿದ್ವಾಂಸನೊಬ್ಬನು ಅದೇ ಕಲೆಕ್ಟರನ ಅಂಗಿಯೊಳಗೆ ಇದ್ದನು. ಅವನಿಗೆ ಕನ್ನಡಿಗರು ಸಲ್ಲಿಸಬೇಕಾದ ಋಣವುಂಟು. ಅವನಲ್ಲಿ ಹಿಡಿಯಬೇಕಾದ ತಪ್ಪುಗಳೂ ಉಂಟು. ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಸಿವೆಲ್ ಸಾಹೇಬರು ಹುಟ್ಟಿದುದು ೧೮೪೫ರಲ್ಲಿ. ಮದ್ರಾಸ್ ಸಿವಿಲ್ ಸರ್ವಿಸಿಗೆ ಸೇರಿ ದಕ್ಷಿಣ ದೇಶಕ್ಕೆ ಬಂದರು. ೧೮೭೭ರಲ್ಲಿ ಕೃಷ್ಣಾತೀರದ ಅಮರಾವತಿಯ ಬೌದ್ಧಸ್ತೂಪದಲ್ಲಿ ಅಗೆತವನ್ನು ನಡೆಯಿಸಿದರು. ಅಷ್ಟರೊಳಗಾಗಿ ಆ ಸ್ತೂಪದ ಬಹುಭಾಗವು ಹಾಳಾಗಿ, ಅನೇಕ ಶಿಲ್ಪಗಳು ಬೇರೆಡೆಗೆ ಸಾಗಿಹೋಗಿದ್ದುವು. ೧೮೮೨ರಲ್ಲಿಯೂ ೧೮೮೪ರಲ್ಲಿಯೂ ಎರಡು ಸಂಪುಟಗಳಾಗಿ ಮದ್ರಾಸ್ ಪ್ರಾಂತದ ಪ್ರಾಚೀನ ಅವಶೇಷಗಳ ಮತ್ತು ಶಾಸನಗಳ ಪಟ್ಟಿಯನ್ನು ಪ್ರಕಟಿಸಿದರು. ಬಳ್ಳಾರಿಯು ಆಗ ಮದ್ರಾಸ್ ಪ್ರಾಂತದ ಒಂದು ಜಿಲ್ಲೆಯಾದುದರಿಂದ ನಮ್ಮ ಗ್ರಾಮಗಳ ಗುಡಿ, ಕೋಟೆ, ಕಲ್ಬರಹಗಳು ಒಂದು ಕ್ರಮದಲ್ಲಿ ಅಚ್ಚಿನ ಪುಟವನ್ನು ಕಂಡುದು ಆ ಪಟ್ಟಿಯಿಂದಲೇ. ಪಟ್ಟಿಯಲ್ಲಿ ತಪ್ಪುಗಳು ಹೇರಳವಾಗಿವೆ. ಸಾವಿರಾರು ಹಳ್ಳಿಗಳಿಂದ ಬಂದ ವರದಿಗಳನ್ನು ಒಬ್ಬನೇ ಕುಳಿತು ಒಪ್ಪಮಾಡಿದಾಗ ಇನ್ನೇನಾದೀತು? ಆದರೂ ಅನಂತರ ಬಂದ ಶಾಸನಪರಿಶೋಧಕರು ಎಲ್ಲಿಗೆ ಹೋಗಬೇಕೆಂಬುದನ್ನು ಅದರಿಂದ ತಿಳಿದುಕೊಂಡರು.

ಆ ಪಟ್ಟಿಯನ್ನು ಮಾಡುವಾಗಲೇ ಸಾಹೇಬರನ್ನು ಒಂದು ಕಷ್ಟವು ಹಿಡಿದುಕೊಂಡಿತೆಂದು ನಮಗೆ ತೋರುತ್ತದೆ. ನಮ್ಮ ಶಾಸನಗಳಲ್ಲಿ ಕಾಲವನ್ನು ಹೇಳುವ ರೀತಿಯು ಆಂಗ್ಲರದಂತಲ್ಲ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ನಕ್ಷತ್ರ, ಗ್ರಹಣ, ಸಂಕ್ರಾಂತಿ. ಇವೆಲ್ಲವೂ ಒಂದಕ್ಕೊಂದು ಸರಿಹೊಂದಿದರೆ ಶಾಸನವು ನೆಟ್ಟಗೆ ನಿಲ್ಲುವುದು. ಹೊಂದದಿದ್ದರೆ ಬರೆದವನು ತಪ್ಪಿರಬೇಕು, ಇಲ್ಲವೆ ಓದುವವನು ತಪ್ಪಿರಬೇಕು, ಅಥವಾ ಶಾಸನವೇ ಕೂಟವಾಗಿರಬೇಕು. ಹೀಗೆ ವಾರತಿಥಿಗಳ ಹೊಂದಾಣಿಕೆಯು ಸತ್ಯಾಸತ್ಯದ ಒರೆಗಲ್ಲಾಗುತ್ತದೆ. ಈ ಒರೆಗಲ್ಲನ್ನು ಸಿದ್ಧಪಡಿಸುವುದಕ್ಕೆ ಆಂಗ್ಲಭಾಷೆಯ ಪಾಂಡಿತ್ಯ ಸಾಲದೆಂದು ಅರಿತ ಸಿವೆಲ್ಲರು ಮಹಾರಾಷ್ಟ್ರದ ಜ್ಯೋತಿಷಪಂಡಿತ ಶಂಕರ ಬಾಲಕೃಷ್ಣ ದೀಕ್ಷಿತರೊಡನೆ ಕೂಡಿ ೧೮೯೬ರಲ್ಲಿ ಭಾರತೀಯ ಪಂಚಾಂಗದ ಮಹಾಗ್ರಂಥವನ್ನು ಹೊರತಂದರು. ಭಾರತೀಯ ಜ್ಯೋತಿಶ್ಶಾಸ್ತ್ರದ ಇತಿಹಾಸವನ್ನು ಮರಾಠಿಯಲ್ಲಿ ಬರೆದ ಕೀರ್ತಿಯು ದೀಕ್ಷಿತರದು. ಅವರು ೧೮೯೮ರಲ್ಲಿಯೇ ತೀರಿಕೊಂಡರು. ಸಾಹೇಬರ ಮುಂದಿನ ಎಲ್ಲ ಕಾಲನಿರ್ಣಯಗಳ ಹಿಂದೆಯೂ ಈ ಸ್ವದೇಶೀ ಪಂಡಿತನ ಗಣಿತವು ನಿಂತಿರುವುದನ್ನು ನಾವು ಮರೆಯಲಾಗದು. ಸಿವೆಲ್ಲರನ್ನು ಹೊಗಳುವ ಪತ್ರಿಕೆಗಳು ದೀಕ್ಷಿತರ ಹೆಸರನ್ನು ಅಪರೂಪಕ್ಕೆ ಎತ್ತುತ್ತವೆ.

ಇನ್ನು ಯುದ್ಧದ ವಿಷಯಕ್ಕೆ ಬರೋಣ. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ರಾಯಚೂರಿಗಾಗಿ ನಡೆದ ಕದನವನ್ನು ಹತ್ತೊಂಬತ್ತನೆಯ ಶತಮಾನದ ವಿದ್ಯಾವಂತರು ಬಹುಮಟ್ಟಿಗೆ ಫೆರಿಸ್ತನ ಬಾಯಿಂದಲೇ ಕೇಳಿದ್ದರು. ಈ ಫೆರಿಸ್ತನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಕದನವು ಕಳೆದು ಸುಮಾರು ತೊಂಬತ್ತು ವರ್ಷಗಳ ತರುವಾಯ, ಪಾರಸೀಕ ಭಾಷೆಯಲ್ಲಿ ತನ್ನ ಇತಿಹಾಸವನ್ನು ಬರೆದವನು. ಸೋತ ಸುಲ್ತಾನನ ವಂಶಜನೇ ಆತನ ಅನ್ನದಾತ. ಆತನ ಪ್ರಕಾರ ಇಸ್ಮಾಯಿಲನು ಕೃಷ್ಣೆಯ ದಡದಲ್ಲಿ ಬೀಡುಬಿಟ್ಟು, ಮದ್ಯದ ಅಮಲಿನಲ್ಲಿ ಹಾಡು ಕೇಳುತ್ತ ಕುಳಿತು, ಇದ್ದಕ್ಕಿದ್ದಂತೆ ಉತ್ಸಾಹಗೊಂಡು, ಮಂತ್ರಿಗಳ ಮಾತನ್ನು ಲಕ್ಷಿಸದೆ, ಆನೆಗಳ ಮೇಲೂ ಹರಿಗೋಲುಗಳ ಮೇಲೂ ಸ್ವಲ್ಪ ಸೈನ್ಯವನ್ನು ದಾಟಿಸಿದನು. ಆಚೆಯ ದಡದಲ್ಲಿ ರಾಯನ ಅಪಾರ ದಂಡು ಮೇಲೆ ಬಿದ್ದು ದಾಟಿದವರಲ್ಲಿ ಬಹುಮಂದಿ ನದಿಪಾಲಾದರು. ಸುಲ್ತಾನನು ಪ್ರಾಣ ಉಳಿಸಿಕೊಂಡು ಹಿಂದಿರುಗಿ, ಸೇಡು ತೀರಿಸಿಕೊಳ್ಳುವವರೆಗೆ ಮದ್ಯವನ್ನು ಮುಟ್ಟುವುದಿಲ್ಲವೆಂದು ಪಣತೊಟ್ಟನು.

ಈ ಕಥೆಯ ಚಾತುರ್ಯವನ್ನು ವಾಚಕರು ಗಮನಿಸಬೇಕು. ಸೋಲನ್ನು ಫೆರಿಸ್ತನು ಮುಚ್ಚಿಡಲಿಲ್ಲ. ಆದರೆ ಅದಕ್ಕೆ ಕೊಟ್ಟ ಕಾರಣವು ಒಬ್ಬ ತರುಣ ಅರಸನ ಒಂದು ಸಂಜೆಯ ಮದಿರಾಪಾನ. ಎದುರು ಪಕ್ಷದವರು ತಿಂಗಳುಗಟ್ಟಲೆ ಕೋಟೆಯನ್ನು ಮುತ್ತಿದುದು, ಬಿಜಾಪುರದ ತೋಪುಗಳು ಸಾಲುಸಾಲಾಗಿ ಕೈಬಿಟ್ಟುದು, ರಾಯನ ದಂಡಿನ ಶಿಸ್ತು, ರಾಯನ ಸ್ವಂತ ಪರಾಕ್ರಮ, ಇವಾವುವೂ ಅಲ್ಲಿ ತಲೆಯೆತ್ತುವುದಿಲ್ಲ. ಸೋಲು ಉಂಟಾದುದು ಅಕಸ್ಮಾತ್ತಾಗಿ ಎಂದು ಹೇಳಿದ ಮೇಲೆ ಗೆದ್ದವನಿಗೆ ಕೊಡಬೇಕಾದ ಮರ್ಯಾದೆಯೂ ಕಡಮೆಯಾಗಿಬಿಡುವುದಲ್ಲವೆ? ಎಲ್ಲ ದೇಶಗಳ ಸರಕಾರಗಳೂ ತಮ್ಮ ಅಪಜಯವನ್ನು ಒಬ್ಬಿಬ್ಬರ ಅಲಕ್ಷ್ಯದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಪದ್ಧತಿಗೆ ಇದೊಂದು ಹಳೆಯ ನಿದರ್ಶನ.

ಪ್ಯಾರಿಸ್ಸಿನ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿ ಪೋರ್ತುಗೀಜ್ ಭಾಷೆಯ ಒಂದು ಹಳೆಯ ಹಸ್ತಪ್ರತಿಯಿತ್ತು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸನು ಅದನ್ನು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದನು. ಅದರಲ್ಲಿ ಎರಡು ವೃತ್ತಾಂತಗಳು: ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡ ದೊಮಿಂಗೊ ಪಾಯಸನದು ಒಂದು, ಅಚ್ಯುತರಾಯನ ಕಾಲದಲ್ಲಿ, ಸುಮಾರು ೧೫೩೫ರಿಂದ ೧೫೩೭ರೊಳಗೆ, ಅದೇ ನಗರದಲ್ಲಿದ್ದ ಫೆರ್ನಾವೊ ನ್ಯೂನಿಜನೆಂಬ ಕುದುರೆಯ ವ್ಯಾಪಾರಿಯದು ಇನ್ನೊಂದು. ಸಿವೆಲ್ಲರು ಅವೆರಡನ್ನೂ ಆಂಗ್ಲಭಾಷೆಗೆ ತಿರುಗಿಸಿ, ಅವುಗಳ ಮುಂದೆ ತಮ್ಮ ಇತಿಹಾಸವನ್ನು ಜೋಡಿಸಿ ೧೯೦೦ರ ಗ್ರಂಥವನ್ನು ಕಟ್ಟಿದರು.

ಆ ವೃತ್ತಾಂತಗಳನ್ನು ಓದುವುದು ಸುಲಭವಾಗಿರಲಿಲ್ಲ. ವಿಜಯನಗರವು ಅಲ್ಲಿ ಬಿಸ್ನಗಾ, ರಾಯಚೂರು ರಾಚೋಲ್, ಆದಿಲಖಾನನು ಇಡಲ್ಕಾವೊ, ಸಾಳುವ ತಿಮ್ಮರಸನು ಸಾಲ್ವತಿನಿಯ. ಗೋವೆಯ ಸಮೀಪದಲ್ಲಿಯೂ ರಾಚೋಲ್ ಎಂಬ ಇನ್ನೊಂದು ಕೋಟೆಯಿರುವುದರಿಂದ ತೊಡಕು ಮತ್ತಷ್ಟು ಹೆಚ್ಚಿತು. ಕದನಕ್ಕೆ ಮೊದಲು ರಾಯನು ದಂಡಿಳಿದ ಸ್ಥಳದ ಹೆಸರು ವಿದೇಶಿಯ ಲೇಖಣಿಯಲ್ಲಿ ವಿಕಾರವಾಗಿ ಮೊಲ್ಲಬಂದಿಮ್ ಎಂದಾಗಿದೆ. ಅದು ರಾಯಚೂರಿನ ದಕ್ಷಿಣಕ್ಕಿರುವ ಮಲಿಯಾಬಾದಿನ ಕೋಟೆಯೆಂದು ಸಿವೆಲ್ಲರು ಗುರುತಿಸಿದರು. ಲಂಡನ್ನಿನ ಪುಸ್ತಕಾಲಯದಲ್ಲಿ ಕುಳಿತವನಿಗೆ ಈ ಹೆಸರುಗಳು ಒಡಪಾಗಿಯೇ ಉಳಿಯುತ್ತಿದ್ದುವು. ಬಳ್ಳಾರಿಯ ಕಲೆಕ್ಟರಿ ಕಚೇರಿಯಲ್ಲಿ ಗ್ರಾಮಗಳ ಹೆಸರನ್ನು ವರ್ಷಗಟ್ಟಲೆ ಕೇಳಿದ ಕಿವಿಗೆ ಅವು ಒಡೆದುವು.

ನ್ಯೂನಿಜನು ಹೇಳುವ ಕದನವೇ ಬೇರೆ. ಜಗಳದ ಮೂಲವು ಹಣ. ಕುದುರೆಗಳನ್ನು ಕೊಳ್ಳುವುದಕ್ಕಾಗಿ ರಾಯನು ಸೀದೆ ಮರ್ಕರ್ ಎಂಬ ವರ್ತಕನ ಕೈಯಲ್ಲಿ ನಾಲ್ವತ್ತು ಸಾವಿರ ವರಹಗಳನ್ನು ಕೊಟ್ಟು ಗೋವೆಗೆ ಕಳುಹಿಸಿದನು. ಆತನು ಹಣದೊಡನೆ ಆದಿಲಶಾಹನ ರಾಜ್ಯಕ್ಕೆ ಓಡಿಹೋದನು. ಒಪ್ಪಿಸೆಂದರೆ ಸುಲ್ತಾನನು ಒಪ್ಪಿಸಲಿಲ್ಲ. ರಾಯನು ದಂಡೆತ್ತಿ ಬಂದು ರಾಯಚೂರನ್ನು ಮೂರು ತಿಂಗಳು ಮುತ್ತಿದನು. ಕೋಟೆಯನ್ನು ಬಿಡಿಸುವುದಕ್ಕಾಗಿ ಸುಲ್ತಾನನು ದೊಡ್ಡ ಸೈನ್ಯದೊಡನೆ ಕೃಷ್ಣೆಯನ್ನು ದಾಟಿ ಬಂದು ಬೀಡುಬಿಟ್ಟನು. ಶುಕ್ರವಾರವು ಅಶುಭವೆಂದು ಮಂತ್ರಿಗಳು ತಡೆದುದರಿಂದ ರಾಯನು ಶನಿವಾರದ ಬೆಳಗಿನ ಜಾವಕ್ಕೆ ಯುದ್ಧವನ್ನು ಮುಂದೂಡಿದನು. ಮೊದಲ ಮೊಗಸಿನಲ್ಲಿ ಬಿಜಾಪುರದ ತೋಪುಗಳು ಒಮ್ಮೆಗೇ ಗುಡುಗಿ ಕನ್ನಡಿಗರ ಮುಂದಿನ ಸಾಲು ಮುರಿದು ಹಿಂದೆ ಓಡಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನೊಬ್ಬನ ಕೈಗಿತ್ತು, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸೆಂದು ಹೇಳಿ, ಕುದುರೆಯೇರಿ ಉಳಿದ ದಂಡನ್ನೆಲ್ಲ ಮುನ್ನಡೆಯಿಸಿದನು. ಬಿಜಾಪುರದವರು ಮುರಿದು ಓಡಿ ನದಿಯಲ್ಲಿ ಬಿದ್ದರು. ಸಲಾಬತಖಾನನು ಸೆರೆಯಾದನು. ನಾಲ್ಕು ಸಾವಿರ ಕುದುರೆಗಳು, ನೂರು ಆನೆಗಳು, ನಾನೂರು ದೊಡ್ಡ ತೋಪುಗಳು ರಾಯನ ವಶವಾದುವು. ಅನಂತರ ಮುತ್ತಿಗೆಯು ಮತ್ತೆ ಸಾಗಿ, ಕ್ರಿಸ್ತೊವಾವೊ ದೆ ಫಿಗೆಯಿರೆದೊ ಎಂಬ ಪೋರ್ತುಗೀಜನೂ ಅವನ ಇಪ್ಪತ್ತು ಮಂದಿ ಕೋವಿಗಾರರೂ ಗೋಡೆಯ ಮೇಲಿದ್ದವರನ್ನು ಹೊಡೆದುರುಳಿಸಿದರು. ಕೋಟೆಯ ಅಧಿಕಾರಿಯು ಗುಂಡಿಗೆ ಬಲಿಯಾದ ಮೇಲೆ ಪಟ್ಟಣವು ಶರಣಾಯಿತು.

ಇದರಲ್ಲಿ ಮದ್ಯದ ಪ್ರಸ್ತಾಪವಿಲ್ಲ, ಆಕಸ್ಮಿಕವೂ ಇಲ್ಲ. ನದಿಯಲ್ಲಿ ಜನರು ಮುಳುಗಿದ ಸಂಗತಿಯು ಮಾತ್ರ ಎರಡು ಕಥೆಗಳಲ್ಲಿಯೂ ಒಂದೇ. ಒಂದೇ ಕದನವನ್ನು ಇಬ್ಬರು ಎರಡು ದಡಗಳಿಂದ ನೋಡಿದಂತಿದೆ. ಯಾರನ್ನು ನಂಬುವುದು? ಸಿವೆಲ್ಲರು ನ್ಯೂನಿಜನ ಕಡೆಗೆ ವಾಲಿದರು. ಕಣ್ಣಾರೆ ಕಂಡವರಿಂದ ಆತನಿಗೆ ಸುದ್ದಿ ಬಂದಿರಬೇಕೆಂಬುದು ಅವರ ಭಾವನೆ. ಆದರೆ ವಾಲಿದುದು ಕುರುಡಾಗಿ ಅಲ್ಲ. ನ್ಯೂನಿಜನಲ್ಲಿ ಒಂದು ಮುಖ್ಯವಾದ ತಪ್ಪಿರುವುದನ್ನು ತೋರಿಸಿ, ಅದನ್ನು ತಿದ್ದಿದ ಮೇಲೆಯೇ ಅವರು ಆತನನ್ನು ಸಾಕ್ಷಿಯಾಗಿ ಕರೆದರು. ಅವರ ಜೀವನದ ಕೆಲಸಗಳೆಲ್ಲದರಲ್ಲಿಯೂ ನಮಗೆ ಅತ್ಯಂತ ಮೆಚ್ಚಿಕೆಯಾದುದು ಈ ಕೆಲಸ. ಆದುದರಿಂದ ಸ್ವಲ್ಪ ವಿಸ್ತರಿಸುತ್ತೇವೆ.

ನ್ಯೂನಿಜನು ಕದನದ ದಿನವನ್ನು ೧೫೨೨ರ ಮೇ ತಿಂಗಳಿನ ಅಮಾವಾಸ್ಯೆಯ ಶನಿವಾರವೆಂದು ಬರೆದನು. ಲೆಕ್ಕ ಹಾಕಿದಾಗ ಆ ವರ್ಷ ಮೇ ತಿಂಗಳ ಅಮಾವಾಸ್ಯೆಯು ಇಪ್ಪತ್ತೈದನೆಯ ತಾರೀಖು ಭಾನುವಾರಕ್ಕೆ ಬಂದಿತು. ವಾರವು ಹೊಂದಲಿಲ್ಲ. ೧೫೨೦ರಲ್ಲಿ ಅಮಾವಾಸ್ಯೆಯು ಮೇ ೧೭ ಗುರುವಾರ. ಎರಡು ದಿನಗಳ ಮೇಲೆ, ೧೯ನೆಯ ತಾರೀಖು ಶನಿವಾರ ಸಂಜೆ, ಬಿದಿಗೆಯ ಚಂದ್ರನು ಕಣ್ಣಿಗೆ ಬೀಳುವನು. ಚಂದ್ರನ ಮೊದಲ ಗೆರೆಯನ್ನೇ ಹೊಸ ಚಂದ್ರವೆಂದು ಕರೆಯುವ ರೂಢಿಯನ್ನು ಇಟ್ಟುಕೊಂಡರೆ ದಿನವು ಸರಿಹೋಗುವುದು. ಇಷ್ಟರಿಂದಲೇ ತೀರ್ಮಾನಿಸಿದ್ದರೆ ಅದು ಅನುಕೂಲಕ್ಕೆ ತಕ್ಕಂತೆ ಮಾಡಿದ ಅರ್ಥವೆಂದು ಯಾರಾದರೂ ಹೇಳಬಹುದಾಗಿತ್ತು. ಸಾಹೇಬರು ಅಲ್ಲಿಗೆ ನಿಲ್ಲಲಿಲ್ಲ.

ರಾಯಚೂರಿನಲ್ಲಿ ಕೋವಿ ಹಿಡಿದ ಫಿಗೆಯಿರೆದೊವು ತರುವಾಯ ವಿಜಯನಗರಕ್ಕೆ ಬಂದು ರಾಯನ ಆದರವನ್ನು ಪಡೆದು ಮಹಾನವಮಿಯನ್ನು ನೋಡಿದನು; ಜೊತೆಗಿದ್ದ ಪಾಯಸನು ಅದನ್ನೆಲ್ಲ ವರ್ಣಿಸಿದನು. ಉತ್ಸವವು ಸೆಪ್ಟೆಂಬರ್ ೧೨ಕ್ಕೆ ಆರಂಭವಾಯಿತೆಂದೂ, ಹೊಸ ವರ್ಷದ ಹಬ್ಬವು ಅಕ್ಟೋಬರ್ ೧೨ಕ್ಕೆ ಬಂದಿತೆಂದೂ ಆತನ ಬರಹದಲ್ಲಿದೆ. ಆಶ್ವಯುಜದ ಮತ್ತು ಕಾರ್ತಿಕದ ಆರಂಭವು ಈ ದಿನಗಳಿಗೆ ಬರುವುದು ೧೫೨೦ರಲ್ಲಿ. ಮುಂದಿನ ಎರಡು ವರ್ಷಗಳಲ್ಲಿ ಬಾರದು. ನಮ್ಮ ನವರಾತ್ರಿಯೂ ದೀಪಾವಳಿಯ ಪಾಡ್ಯವೂ ಒಂದು ಯುದ್ಧದ ವರ್ಷವನ್ನು ನಿಶ್ಚಯಿಸಿದುವೆಂಬುದು ಸಾಮಾನ್ಯ ಸಂಗತಿಯಲ್ಲ. ಮೂರನೆಯ ಸಾಕ್ಷಿಯು ಸಮುದ್ರದ ಕಡೆಯಿಂದ ಬಂದಿತು. ಗೋವೆಯ ಗವರ್ನರನಾದ ದಿಯೋಗೊ ಲೋಪೆಸ್ ದೆ ಸೆಕೆಯಿರಾ ೧೫೨೦ರ ಫೆಬ್ರವರಿಯಲ್ಲಿ ನೌಕಾಪಡೆಯೊಡನೆ ಕೆಂಪು ಸಮುದ್ರಕ್ಕೆ ಹೊರಟನು. ಆತನು ಇಲ್ಲದಿರುವಾಗ, ಆದಿಲಶಾಹನು ರಾಯನಿಂದ ಸೋತು ಬಲಗುಂದಿದ ಸಮಯವನ್ನು ನೋಡಿ, ಗೋವೆಯ ಅಧಿಕಾರಿ ರುಯಿ ದೆ ಮೆಲ್ಲೊ ಎದುರಿನ ನೆಲಭಾಗವನ್ನು ವಶಪಡಿಸಿಕೊಂಡನೆಂದು ಪೋರ್ತುಗೀಜರ ಚರಿತ್ರಕಾರರು ಬರೆದಿರುವರು. ಹಡಗುಗಳು ಹೊರಟ ದಿನವನ್ನು ಯಾರೂ ಆಸ್ಥಾನದ ಗೌರವಕ್ಕಾಗಿ ತಿದ್ದುವುದಿಲ್ಲ. ಚಂದ್ರ, ಹಬ್ಬ, ನೌಕೆ, ಮೂರೂ ಒಂದೇ ವರ್ಷವನ್ನು ತೋರಿಸಿದುವು. ರಾಯಚೂರಿನ ಕದನವು ೧೫೨೦ನೆಯ ಇಸವಿ ಮೇ ೧೯ರಂದು ನಡೆಯಿತೆಂದು ಸಿವೆಲ್ಲರು ಬರೆದರು. ಆ ದಿನವನ್ನೇ ಇಂದಿಗೂ ಇತಿಹಾಸದ ಪುಸ್ತಕಗಳು ಹೇಳುತ್ತವೆ.

ಈ ಬಗೆಯ ಕೆಲಸಕ್ಕೆ ಸರಿಸಮವಾದುದನ್ನು ನೆನೆದಾಗ ನಮಗೆ ಅಮೆರಿಕದ ನೌಕಾಪಡೆಯ ಗುಪ್ತಲಿಪಿಭೇದಕರು ಕಣ್ಣಮುಂದೆ ಬರುತ್ತಾರೆ. ೧೯೪೧ನೆಯ ಡಿಸೆಂಬರ್ ೭ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಿದ್ದು ೨,೪೦೩ ಜನರನ್ನು ಬಲಿತೆಗೆದುಕೊಂಡುವು. ಜಪಾನಿನ ರಾಯಭಾರಿಗಳ ಗುಪ್ತಲಿಪಿಯನ್ನು ಅಮೆರಿಕದವರು ೧೯೪೦ರಲ್ಲಿಯೇ ಭೇದಿಸಿದ್ದರು. ಆದರೂ ೧೯೪೨ರ ಜನವರಿಯಲ್ಲಿ ಸರಕಾರದ ಮೊದಲ ವಿಚಾರಣಾ ಮಂಡಲಿಯು ದ್ವೀಪದಲ್ಲಿದ್ದ ಅಡ್ಮಿರಲ್ ಕಿಮ್ಮೆಲ್ ಮತ್ತು ಜನರಲ್ ಶಾರ್ಟ್ ಇವರ ಕರ್ತವ್ಯಚ್ಯುತಿಯೇ ಅನರ್ಥಕ್ಕೆ ಕಾರಣವೆಂದು ಸಾರಿತು. ನೌಕಾಪಡೆಯ ಗುಪ್ತಲಿಪಿ ಶಾಖೆಯ ಹಿರಿಯ ಅಧಿಕಾರಿ ಲಾರೆನ್ಸ್ ಸ್ಯಾಫರ್ಡನು, ರಾಜಧಾನಿಯಲ್ಲಿ ಬಿಚ್ಚಿ ಓದಿದ ಸಂದೇಶಗಳು ಕಿಮ್ಮೆಲನಿಗೆ ತಲಪಲಿಲ್ಲವೆಂದು ಕಂಡುಕೊಂಡು, ಮೇಲಧಿಕಾರಿಗಳ ಅಸಮಾಧಾನವನ್ನು ಸಹಿಸಿ ವಿಚಾರಣೆಗಳಲ್ಲಿ ಸಾಕ್ಷಿ ನುಡಿದನು. ಯುದ್ಧದ ಮುನ್ಸೂಚನೆಯ ಒಂದು ಸಂದೇಶವು ಮೊದಲೇ ಕೈಸೇರಿತ್ತೆಂಬ ಆತನ ಮಾತನ್ನು ೧೯೪೫-೪೬ರ ಕಾಂಗ್ರೆಸ್ಸಿನ ಸಮಿತಿಯು ಒಪ್ಪಲಿಲ್ಲ; ಇತಿಹಾಸಕಾರರಲ್ಲಿಯೂ ಬಹುಮಂದಿ ಒಪ್ಪುವುದಿಲ್ಲ. ಅಧ್ಯಕ್ಷ ರೂಸ್ವೆಲ್ಟನೇ ಯುದ್ಧಕ್ಕೆ ದಾರಿಮಾಡಿದನೆಂದು ೧೯೪೮ರಲ್ಲಿ ಚಾರ್ಲ್ಸ್ ಬಿಯರ್ಡ್ ಬರೆದನು. ಸೂಚನೆಗಳು ಇದ್ದುವು, ಆದರೆ ಬೇಡದ ಸುದ್ದಿಗಳ ಗದ್ದಲದಲ್ಲಿ ಅವು ಮುಳುಗಿಹೋದುವೆಂದು ೧೯೬೨ರಲ್ಲಿ ರಾಬರ್ಟಾ ವೊಲ್‌ಸ್ಟೆಟರ್ ಎಂಬ ವಿದುಷಿಯು ವಾದಿಸಿದಳು. ೧೯೯೯ರಲ್ಲಿ ಸೆನೆಟ್ ಸಭೆಯು ಆ ಇಬ್ಬರು ಸೇನಾನಿಗಳ ಪದವಿಯನ್ನು ಹಿಂದಕ್ಕೆ ಕೊಡಬೇಕೆಂದು ಅಭಿಪ್ರಾಯಪಟ್ಟಿತು.

ಸ್ಯಾಫರ್ಡನ ಎಲ್ಲ ಮಾತುಗಳೂ ನಿಂತವೆಂದು ನಾವು ಹೇಳುವುದಿಲ್ಲ. ಆದರೆ ಸರಕಾರದ ಹೇಳಿಕೆಯನ್ನು ಪ್ರಶ್ನಿಸಿದವನು ಅದೇ ಸರಕಾರದ ನೌಕರನಾಗಿದ್ದನು, ಮತ್ತು ಆ ದೇಶದಲ್ಲಿ ಕಡತಗಳು ಉಳಿದಿದ್ದುವು. ನಮಗೆ ಆ ಭಾಗ್ಯವಿಲ್ಲ. ವಿಜಯನಗರದ ಕಚೇರಿಯ ಲೆಕ್ಕಪತ್ರಗಳು ನಮ್ಮ ಕೈಗೆ ಬಂದಿಲ್ಲ. ನಮ್ಮ ಅರಸನು ಗೆದ್ದ ದಿನವನ್ನು ತಿಳಿಯುವುದಕ್ಕೆ ಲಿಸ್ಬನ್ನಿನ ಅಚ್ಚುಮನೆಯನ್ನೂ ಪ್ಯಾರಿಸ್ಸಿನ ಪೆಟ್ಟಿಗೆಯನ್ನೂ ಕಾಯಬೇಕಾಯಿತು. ಇದು ನಮಗೆ ನಾಚಿಕೆಯ ವಿಷಯವೋ, ದೈವಯೋಗವೋ ವಾಚಕರೇ ಯೋಚಿಸಲಿ.

ಸಿವೆಲ್ಲರ ದೋಷಗಳನ್ನೂ ಹೇಳುತ್ತೇವೆಂದು ಮಾತು ಕೊಟ್ಟಿದ್ದೇವೆ. ಮೊದಲನೆಯದಾಗಿ, ರಾಯಚೂರಿನ ವಿಷಯದಲ್ಲಿ ಫೆರಿಸ್ತನನ್ನು ಅಷ್ಟು ಜಾಗರೂಕತೆಯಿಂದ ತೂಗಿದವರು ಬಹಮನಿ ಕಾಲದ ಯುದ್ಧಗಳಲ್ಲಿ ಅದೇ ಫೆರಿಸ್ತನ ಬೆರಳು ಹಿಡಿದು ನಡೆದರು. ಒಬ್ಬ ಸುಲ್ತಾನನ ಆಳಿಕೆಯಲ್ಲಿ ಐದು ಲಕ್ಷ ಹಿಂದೂಗಳು ಹತರಾದರೆಂಬಂತಹ ಫೆರಿಸ್ತನ ಲೆಕ್ಕಗಳಿಗೆ ಎದುರುಸಾಕ್ಷಿಯಿಲ್ಲ. ಅಲ್ಲಿ ತೂಗಲು ಇನ್ನೊಂದು ತಟ್ಟೆಯಿರಲಿಲ್ಲವೆಂಬುದು ನಿಜ. ಆದರೆ ತಟ್ಟೆಯಿಲ್ಲವೆಂದು ಓದುಗನನ್ನು ಎಚ್ಚರಿಸುತ್ತಿರಬೇಕಾಗಿತ್ತು. ನ್ಯೂನಿಜನ ಸಂಖ್ಯೆಗಳೂ ಅಷ್ಟೆ. ರಾಯನ ದಂಡಿನಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ ಎಂದರೆ ದೋಆಬದ ಬಿಸಿಲಿನ ಮೇ ತಿಂಗಳಲ್ಲಿ ಅವಕ್ಕೆ ನೀರು ಮೇವುಗಳನ್ನು ಎಲ್ಲಿಂದ ತಂದರು? ಸಿರುಗುಪ್ಪದ ರೈತನನ್ನು ಕೇಳಿದ್ದರೆ ಆತನು ನಗುತ್ತಿದ್ದನು. ಪೋರ್ತುಗೀಜನು ಇಪ್ಪತ್ತು ಮಂದಿ ಸ್ವಜನರಿಗೆ ಕೋಟೆ ಗೆದ್ದ ಕೀರ್ತಿಯನ್ನು ಕಟ್ಟಿದುದನ್ನೂ ಸ್ವಲ್ಪ ಉಪ್ಪು ಬೆರೆಸಿಯೇ ತೆಗೆದುಕೊಳ್ಳಬೇಕು.

ಎರಡನೆಯ ದೋಷವು ಹೆಚ್ಚು ಗಂಭೀರವಾದುದು. ಉತ್ತರದಿಂದ ಬಂದ ಮುಸಲ್ಮಾನರ ಪ್ರವಾಹಕ್ಕೆ ಹಿಂದೂಗಳು ಕಟ್ಟಿದ ಅಣೆಕಟ್ಟು ವಿಜಯನಗರವೆಂಬ ಚಿತ್ರವು ಸಿವೆಲ್ಲರ ಗ್ರಂಥದಿಂದ ಬಹಳವಾಗಿ ಹಬ್ಬಿತು. ನಮ್ಮಲ್ಲಿ ಅದು ಅಭಿಮಾನವನ್ನು ಹುಟ್ಟಿಸಿದುದು ದಿಟ. ಆದರೆ ಎರಡನೆಯ ದೇವರಾಯನು ಮುಸಲ್ಮಾನ ಸವಾರರನ್ನೂ ಬಿಲ್ಲಾಳುಗಳನ್ನೂ ತನ್ನ ಸೈನ್ಯಕ್ಕೆ ಸೇರಿಸಿಕೊಂಡು ಗೌರವಿಸಿದನು. ರಾಯಚೂರಿನಲ್ಲಿ ಬಿಜಾಪುರದ ಪಕ್ಷದಲ್ಲಿಯೂ ಪೋರ್ತುಗೀಜರು ಕಾದಿದರೆಂದು ನ್ಯೂನಿಜನೇ ಬರೆದನು. ಆ ಕದನದ ಕಿಡಿಯು ಧರ್ಮವಾಗಿರದೆ ಕುದುರೆಯ ಹಣವಾಗಿತ್ತು. ಇತ್ತೀಚಿನ ಇತಿಹಾಸಜ್ಞರಾದ ಬರ್ಟನ್ ಸ್ಟೈನ್, ಫಿಲಿಪ್ ವ್ಯಾಗನರ್, ರಿಚರ್ಡ್ ಈಟನ್ ಮೊದಲಾದವರು ಈ ಹಳೆಯ ಚಿತ್ರವನ್ನು ಬೇರೆ ಬೇರೆ ಕಡೆಗಳಿಂದ ಪ್ರಶ್ನಿಸಿದರು. ಅವರ ಎಲ್ಲ ನಿರ್ಣಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಕನ್ನಡನಾಡಿನ ಅಭಿಮಾನವು ನೆರೆಮನೆಯವನ ಮೇಲಿನ ದ್ವೇಷವನ್ನು ಊರುಗೋಲಾಗಿ ಹಿಡಿಯಬೇಕೆಂದು ಯಾರಾದರೂ ಹೇಳಿದರೆ, ಆ ಮಾತಿಗೆ ಈ ಪುಟದಲ್ಲಿ ಸ್ಥಳವಿಲ್ಲ.

೧೫೬೫ರ ಮಹಾಯುದ್ಧದ ವಿಷಯದಲ್ಲಿ ಸಾಹೇಬರು ಒಂದನ್ನು ಸರಿಯಾಗಿ ಕಂಡರು. ತಾಳೀಕೋಟೆಯು ಕೃಷ್ಣೆಯ ಉತ್ತರಕ್ಕೆ ಬಹುದೂರದಲ್ಲಿದೆ; ಕದನವು ನದಿಯ ದಕ್ಷಿಣದಲ್ಲಿ ನಡೆಯಿತು; ಆದುದರಿಂದ ತಾಳೀಕೋಟೆಯ ಕದನವೆಂಬ ಹೆಸರು ಸಲ್ಲದು ಎಂದರು. ಆದರೂ ಆ ಹೆಸರೇ ಜನರ ಬಾಯಲ್ಲಿ ಉಳಿಯಿತು. ನಗರವು ಐದು ತಿಂಗಳು ಬೆಂಕಿ ಕೊಡಲಿಗಳಿಗೆ ತುತ್ತಾಗಿ ಸಂಪೂರ್ಣವಾಗಿ ನಾಶವಾಯಿತೆಂಬ ಅವರ ವರ್ಣನೆಯಾದರೋ ಹಂಪೆಗೆ ಹೋದವರ ಕಣ್ಣಿಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅರಮನೆಯ ಪ್ರದೇಶವು ಸುಟ್ಟುಹೋಗಿದೆ. ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆಯುತ್ತಲಿದೆ. ಯಾವುದನ್ನು ಯಾರು ಕೆಡವಿದರು, ಯಾವುದನ್ನು ಏಕೆ ಬಿಟ್ಟರು ಎಂಬುದು ಪ್ರಾಕ್ತನಜ್ಞರು ಕಲ್ಲುಕಲ್ಲನ್ನೂ ನೋಡಿ ಹೇಳಬೇಕಾದ ಮಾತು.

ಮೂರನೆಯದು ನಮ್ಮ ಬಾಗಿಲಿನಲ್ಲಿಯೇ ಇರುವ ಬೂದಿಗುಡ್ಡಗಳ ಸಮಾಚಾರ. ಕುಡುತಿನಿಯ ಬಳಿಯ ಬೂದಿದಿಬ್ಬವನ್ನು ಬಳ್ಳಾರಿಯವರೆಲ್ಲ ಬಲ್ಲರು. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತೆಯ ಬೂದಿಯೆನ್ನುವರು. ಸಿವೆಲ್ಲರು ೧೮೯೯ರಲ್ಲಿ ಇವುಗಳ ಮೇಲೆ ಲೇಖನವನ್ನು ಬರೆದು, ವಿಜಯನಗರ ಕಾಲದ ದಹನಗಳೊಡನೆ ಇವುಗಳನ್ನು ಸೇರಿಸಲು ನೋಡಿದರು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟರು ಇವು ನವಶಿಲಾಯುಗದವೆಂದು ಹೇಳಿದರು. ಅರ್ಧ ಶತಮಾನಕ್ಕೂ ಮೀರಿ ಕಳೆದ ಮೇಲೆ ಆಲ್ಚಿನ್ ಎಂಬ ಪ್ರಾಕ್ತನಶಾಸ್ತ್ರಜ್ಞರು ಉಟ್ನೂರಿನಲ್ಲಿ ಅಗೆದು, ಇವು ದನದ ದೊಡ್ಡಿಗಳ ಸಗಣಿಯನ್ನು ಸುಟ್ಟ ರಾಶಿಗಳೆಂದು ಸ್ಥಾಪಿಸಿದರು. ಯುದ್ಧಗಳಲ್ಲಿ ಮನಸ್ಸು ನೆಟ್ಟವನಿಗೆ ದನಗಾಹಿಯ ಬೂದಿಯಲ್ಲಿಯೂ ರಣರಂಗದ ಹೊಗೆ ಕಂಡುದು ಮನುಷ್ಯಸಹಜ. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿಯೂ ನವಶಿಲಾಯುಗದ ಆ ಜನರ ನೆಲೆಯು ಪತ್ತೆಯಾಯಿತು.

ಇಷ್ಟೆಲ್ಲ ಹೇಳಿದ ಮೇಲೆಯೂ ಆ ಗ್ರಂಥವು ಕರ್ನಾಟಕದಲ್ಲಿ ಮಾಡಿದ ಕೆಲಸವು ದೊಡ್ಡದೆಂದೇ ನಮ್ಮ ಅಭಿಪ್ರಾಯ. ಆಲೂರ ವೆಂಕಟರಾಯರ ಕರ್ನಾಟಕ ಗತವೈಭವವು ೧೯೧೭ರಲ್ಲಿ ಹೊರಬಂದಾಗ, ನಾಡು ಐದಾರು ಆಡಳಿತಗಳ ನಡುವೆ ಹರಿದು ಹಂಚಿಹೋಗಿತ್ತು. ಧಾರವಾಡದವನಿಗೆ ಮುಂಬಯಿ, ಬಳ್ಳಾರಿಯವನಿಗೆ ಮದ್ರಾಸ್, ರಾಯಚೂರಿನವನಿಗೆ ಹೈದರಾಬಾದ್. ಒಂದಾಗಿದ್ದ ದಿನವೊಂದು ಇತ್ತೆಂದು ತೋರಿಸುವುದಕ್ಕೆ ತಾರೀಖು ಸಹಿತವಾದ ಆಧಾರವು ಬೇಕಾಗಿತ್ತು; ಅದು ಆಂಗ್ಲ ಅಧಿಕಾರಿಯ ಕೈಬರಹದಲ್ಲಿಯೇ ದೊರೆತುದರಿಂದ ಸರಕಾರವೂ ಅಲ್ಲಗಳೆಯುವಂತಿರಲಿಲ್ಲ. ೧೯೧೯ರಲ್ಲಿ ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು ಸಂಸ್ಕೃತ ತೆಲುಗು ಮೊದಲಾದ ಕಾವ್ಯಗಳಿಂದ ವಿಜಯನಗರದ ಇತಿಹಾಸಕ್ಕೆ ಆಧಾರಗಳನ್ನು ಆಯ್ದು ಪ್ರಕಟಿಸಿ, ಸಿವೆಲ್ಲರು ಬಿಟ್ಟಿದ್ದ ಸ್ವದೇಶೀ ಸಾಕ್ಷಿಗಳನ್ನು ಮುಂದೆ ತಂದರು. ೧೯೩೪ರಲ್ಲಿ ಬಿ. ಎ. ಸಾಲೆತ್ತೂರರು ವಿಜಯನಗರದ ಸಮಾಜ ಮತ್ತು ರಾಜ್ಯವ್ಯವಸ್ಥೆಗಳನ್ನು ಕುರಿತು ಎರಡು ಸಂಪುಟಗಳನ್ನು ಬರೆದರು. ೧೯೩೬ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕೋತ್ಸವವು ನಡೆದು ಧಾರವಾಡದಿಂದ ಸಂಸ್ಮರಣ ಗ್ರಂಥವು ಪ್ರಕಟವಾಯಿತು. ೧೯೫೩ನೆಯ ಅಕ್ಟೋಬರ್ ಒಂದರಂದು ಬಳ್ಳಾರಿಯು ಮದ್ರಾಸಿನಿಂದ ಬಿಡುಗಡೆಹೊಂದಿ ಮೈಸೂರನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ವಿಜಯನಗರದ ಮೂಲಪುರುಷರು ಕನ್ನಡಿಗರೋ ತೆಲುಗರೋ ಎಂಬ ಜಗಳವು ಆ ದಿನಗಳಲ್ಲಿ ಎಷ್ಟು ಬಿಸಿಯಾಗಿತ್ತೆಂಬುದನ್ನು ಹಿರಿಯರು ಬಲ್ಲರು. ರಾಜ್ಯಸ್ಥಾಪನೆಯ ವಿಷಯದಲ್ಲಿ ಏಳು ಬಗೆಯ ಐತಿಹ್ಯಗಳನ್ನು ಸಿವೆಲ್ಲರು ಸಾಲಾಗಿ ಕೊಟ್ಟಿದ್ದರು. ಎರಡು ಪಕ್ಷದವರೂ ಅವರ ಗ್ರಂಥದಿಂದಲೇ ತಮಗೆ ಬೇಕಾದುದನ್ನು ಆರಿಸಿಕೊಂಡರು.

ಸಾಹೇಬರಾದರೋ ಈ ಗದ್ದಲಕ್ಕೆ ಬಹು ಹಿಂದೆಯೇ ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿನಲ್ಲಿ ಪಂಚಾಂಗವನ್ನು ಹಿಡಿದು ಕುಳಿತಿದ್ದರು. ೧೯೧೨ರಲ್ಲಿ ಭಾರತೀಯ ಕಾಲಗಣನೆಯ ಇನ್ನೊಂದು ಗ್ರಂಥ. ೧೯೨೪ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸಿದ್ಧಾಂತಗಳನ್ನೂ ಪಂಚಾಂಗವನ್ನೂ ಕುರಿತು ಮತ್ತೊಂದು. ಕೊನೆಯ ವರ್ಷಗಳಲ್ಲಿ ದಕ್ಷಿಣ ಭಾರತದ ಐತಿಹಾಸಿಕ ಶಾಸನಗಳನ್ನು ವರ್ಷಾನುಕ್ರಮವಾಗಿ ಜೋಡಿಸುವ ಕೆಲಸದಲ್ಲಿ ತೊಡಗಿದ್ದರು. ೧೯೨೫ರಲ್ಲಿ ಅವರು ತೀರಿಕೊಂಡಾಗ ಆ ಪುಸ್ತಕವು ಇನ್ನೂ ಬೆಳಕು ಕಂಡಿರಲಿಲ್ಲ. ಅದನ್ನು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾನಿಲಯದ ಮೂಲಕ ೧೯೩೨ರಲ್ಲಿ ಹೊರತಂದವರು ಅದೇ ಕೃಷ್ಣಸ್ವಾಮಿ ಅಯ್ಯಂಗಾರರು.